ಕೋಡಿ ಬೀಳುವ ಮಟ್ಟ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಜಲಾಶಯವಿದೆ. ಅದರ ಹೆಸರುವಾಸಿ ಸ್ವಯಂಚಾಲಿತ ಸೈಫನ್ ನಡೆಯಲು ಯಾರ ಕೈಯೂ ಬೇಕಿಲ್ಲ. ನೀರು ಗೊತ್ತಾದ ಮಟ್ಟ ಮೀರಿದರೆ ಒಳಗಿನ ಗಾಳಿಯನ್ನು ತಾನೇ ಹೊರದೂಡಿ ಪೂರ್ತಿ ರಭಸದಲ್ಲಿ ಧುಮುಕುತ್ತದೆ. ಮಟ್ಟ ಇಳಿದು ಗಾಳಿ ಮತ್ತೆ ಒಳನುಗ್ಗುವವರೆಗೆ ನಿಲ್ಲುವುದಿಲ್ಲ. ಶುರುವಾಗುವ ಮಟ್ಟ ಬೇರೆ, ನಿಲ್ಲುವ ಮಟ್ಟ ಬೇರೆ. ನಮ್ಮ ಜೀವಕೋಶ ಎರಡಾಗುವುದೂ ಗಡಿಯಾರ ನೋಡಿಕೊಂಡಲ್ಲ, ಹೀಗೆ ಮಟ್ಟ ನೋಡಿಕೊಂಡು. ಇದು ಸಾಬೀತಾಗಲು ಮೂರು ದಶಕ ಹಿಡಿಯಿತು.

ಮೊದಲ ಗಟ್ಟಿ ಪುರಾವೆ ಸಿಕ್ಕಿದ್ದು 1970ರಲ್ಲಿ. ಆಂಧ್ರದಿಂದ ಅಮೆರಿಕಕ್ಕೆ ಹೋಗಿದ್ದ ಪೋತು ನರಸಿಂಹ ರಾವ್ ಮತ್ತು ರಾಬರ್ಟ್ ಜಾನ್ಸನ್, ಹೀಲಾ ಎಂಬ ಮಾನವ ಕೋಶಗಳನ್ನು ಒಂದಕ್ಕೊಂದು ಬೆಸೆದು ನೋಡಿದರು. ಡಿಎನ್‌ಎ ನಕಲು ಮಾಡುತ್ತಿದ್ದ ಕೋಶದ ಜೊತೆ ಸೇರಿದ, ಇನ್ನೂ ನಕಲು ಶುರುಮಾಡದ ಕೋಶ ಅವಧಿಗೆ ಮುಂಚೆಯೇ ನಕಲಿಗೆ ತೊಡಗಿತು. ನಕಲು ಮುಗಿಸಿದ್ದ ಕೋಶವಾದರೋ ಮತ್ತೊಮ್ಮೆ ಆ ಕೆಲಸಕ್ಕೆ ಇಳಿಯದೆ ಜೊತೆಗಾರನಿಗಾಗಿ ಕಾದಿತು. ವಿಭಜನೆಯ ನಡುವಿದ್ದ ಕೋಶವಂತೂ ತನಗಂಟಿದ ಯಾವುದರ ವರ್ಣತಂತುಗಳನ್ನಾದರೂ ಹೊತ್ತಲ್ಲದ ಹೊತ್ತಿನಲ್ಲಿ ಬಿಗಿಯಾಗಿ ಸುತ್ತಿಸಿತು. ಅಪ್ಪಣೆ ಕೊಡುವ ವಸ್ತು ಕೋಶರಸದಲ್ಲೇ ಇದೆಯೆಂಬುದಕ್ಕೆ ಇನ್ನೇನು ಬೇಕು? ಮರುವರ್ಷ ಯೋಶಿಯೊ ಮಾಸುಯಿ ಮತ್ತು ಮಾರ್ಕರ್ಟ್ ಕಪ್ಪೆಯ ಅಂಡದಲ್ಲಿ ಅಂಥದ್ದನ್ನೇ ತೋರಿಸಿದರು. ಆ ವಸ್ತುವಿನ ಒಂದು ಭಾಗ ಸೈಕ್ಲಿನ್: 1982ರಲ್ಲಿ ಟಿಮ್ ಹಂಟ್ ಸೀ ಅರ್ಚಿನ್ ಎಂಬ ಕಡಲಜೀವಿಯ ಮೊಟ್ಟೆಗಳಲ್ಲಿ ಕಂಡ, ಕೂಡುತ್ತ ಹೋಗಿ ಪ್ರತಿ ವಿಭಜನೆಯಲ್ಲೂ ಮಾಯವಾಗುವ ಪ್ರೋಟೀನು. ಇನ್ನೊಂದು, ಸೈಕ್ಲಿನ್ ಸೇರಿದರಷ್ಟೇ ಚುರುಕಾಗುವ ಕಿಣ್ವ, ಸಿಡಿಕೆ1.

ಗಡಿಯಾರದ ಪಕ್ಷದವರ ಬಳಿಯೂ ಬಲವಾದ ಸಾಕ್ಷಿ ಇತ್ತು. ನ್ಯೂಕ್ಲಿಯಸ್ ಇಲ್ಲದ ಕಪ್ಪೆಮೊಟ್ಟೆಯ ಕೋಶರಸವೂ ವಿಭಜನೆಯ ತಾಳಕ್ಕೆ ಸರಿಯಾಗಿ ಮಿಡಿಯುವುದನ್ನು 1980ರಲ್ಲಿ ಹಾರಾ, ಟೈಡ್‌ಮನ್, ಕಿರ್ಷ್ನರ್ ಕಂಡಿದ್ದರು. ತಾಳವನ್ನು ಅಲ್ಲಗಳೆಯಬೇಕಾಗಿಲ್ಲ, ಸೈಕ್ಲಿನ್ ಒಂದೇ ವೇಗದಲ್ಲಿ ತುಂಬುತ್ತಿದ್ದರೆ ಮಿತಿ ಮುಟ್ಟುವ ಹೊತ್ತೂ ಒಂದೇ ಅಂತರದಲ್ಲಿ ಬರುತ್ತದೆ. ಸಿಡಿಕೆ1 ಚುರುಕಾಗಲು ಸೈಕ್ಲಿನ್ ಹೆಚ್ಚು ಬೇಕು, ಚುರುಕಾಗಿಯೇ ಉಳಿಯಲು ಅದಕ್ಕಿಂತ ಕಡಿಮೆ ಸಾಕು ಎಂದು 1993ರಲ್ಲಿ ನೊವಾಕ್ ಮತ್ತು ಟೈಸನ್ ಲೆಕ್ಕ ಹಾಕಿ ಹೇಳಿದ್ದರು. 2003ರಲ್ಲಿ ಎರಡು ಪ್ರಯೋಗಾಲಯಗಳು ಕಪ್ಪೆಯ ಅಂಡರಸದಲ್ಲಿ ಅದನ್ನು ಅಳೆದೇ ತೋರಿಸಿದವು. ಮಾರ್ಕೋನಹಳ್ಳಿಯ ಎರಡು ಮಟ್ಟಗಳು ಇವೇ. ಅಲ್ಲಿ ಹರಿವೇ ಮಟ್ಟ ಇಳಿಸಿದರೆ, ಇಲ್ಲಿ ಚುರುಕಾದ ಸಿಡಿಕೆ1 ತಾನೇ ಎಪಿಸಿ ಎಂಬ ಪ್ರೋಟೀನು ಕೂಟವನ್ನು ಎಬ್ಬಿಸಿ ಸೈಕ್ಲಿನನ್ನು ನಾಶಮಾಡಿಸುತ್ತದೆ.

ಸೈಫನ್ನಿಗೆ ಇಲ್ಲದ ಒಂದು ಎಚ್ಚರ ಕೋಶಕ್ಕಿದೆ. ಡಿಎನ್‌ಎ ಕೆಟ್ಟಿದ್ದರೆ ಪಿ53 ಪ್ರೋಟೀನು ಪಿ21 ಅನ್ನು ಹುಟ್ಟಿಸಿ ಸಿಡಿಕೆಗಳನ್ನು ತಡೆಯುತ್ತದೆ. ಒಂದೇ ಒಂದು ವರ್ಣತಂತು ಅದನ್ನು ಬದಿಗೆ ಸೆಳೆಯುವ ಎಳೆಗೆ ಸಿಕ್ಕದಿದ್ದರೂ ಮ್ಯಾಡ್2 ಎಂಬ ಪ್ರೋಟೀನು ಎಪಿಸಿಯನ್ನು ಕಟ್ಟಿಹಾಕುತ್ತದೆ. ಇಲ್ಲೇ ಇನ್ನೊಂದು ಆಕ್ಷೇಪ ಏಳುತ್ತದೆ: ಹೀಲಾ 1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಅವರ ಗರ್ಭಕೊರಳಿನ ಕ್ಯಾನ್ಸರ್ ಗೆಡ್ಡೆಯಿಂದ ತೆಗೆದದ್ದು, ಅದರಲ್ಲಿ ಎಚ್‌ಪಿವಿ ವೈರಸ್ಸಿನ ಇ6 ಪ್ರೋಟೀನು ಪಿ53 ಅನ್ನೇ ಅಳಿಸಿಹಾಕುತ್ತದೆ, ಅಂಥ ಕೋಶದ ಸಾಕ್ಷಿಯನ್ನು ಆರೋಗ್ಯವಂತ ಕೋಶಕ್ಕೆ ಅನ್ವಯಿಸಬಹುದೇ? ಕಾವಲು ಕೆಟ್ಟಿತ್ತು, ಒಪ್ಪೋಣ. ಆದರೆ ಅಪ್ಪಣೆ ಕೊಡುವ ಯಂತ್ರ ಕ್ಯಾನ್ಸರಿನ ಸೃಷ್ಟಿಯಲ್ಲ. 1987ರಲ್ಲಿ ಮೆಲಾನಿ ಲೀ ಮತ್ತು ಪಾಲ್ ನರ್ಸ್, ಈ ಕಿಣ್ವ ಕೆಟ್ಟು ವಿಭಜನೆ ನಿಂತಿದ್ದ ಯೀಸ್ಟಿಗೆ ಮನುಷ್ಯನ ಸಿಡಿಕೆ1 ಜೀನನ್ನು ಸೇರಿಸಿದಾಗ, ಆ ಯೀಸ್ಟ್ ಮತ್ತೆ ಎರಡಾಗತೊಡಗಿತು.