ಪರೇಲಿನ ಎರಡು ಮಹಾಮಾರಿಗಳು

ಪರೇಲಿನಲ್ಲಿ ವಾಸವಾಗಿರುವ, ಇಲ್ಲವೆ ಕೆಲಸದ ನಿಮಿತ್ತ ದಿನವೂ ಅಲ್ಲಿಗೆ ಬಂದುಹೋಗುವ ಕನ್ನಡ ಬಂಧುಗಳಿಗೆ ಆಚಾರ್ಯ ದೋಂದೆ ಮಾರ್ಗ ಅಪರಿಚಿತವಾದುದಲ್ಲ. ಊರಿನಿಂದ ನೆಂಟರಲ್ಲಿ ಯಾರಾದರೂ ಕಾಯಿಲೆ ಬಿದ್ದು ಬಂದರೆ ನಾವು ಅವರನ್ನು ಕರೆದೊಯ್ಯುವುದು ಈ ಕಡೆಗೇ. ಕೆ.ಇ.ಎಂ. ಆಸ್ಪತ್ರೆ ಇಲ್ಲಿದೆ; ಟಾಟಾ ಸ್ಮಾರಕ ಆಸ್ಪತ್ರೆ ಹತ್ತಿರದಲ್ಲೇ ಇದೆ. ಇದೇ ರಸ್ತೆಯಲ್ಲಿ ಮರಗಳ ಹಿಂದೆ ಒಂದು ಹಳೆಯ ಬಂಗಲೆಯೂ ಇದೆ. ಹಾಫ್‌ಕಿನ್ ಸಂಸ್ಥೆ ಎಂಬ ಹೆಸರನ್ನು ಓದಿ ನಾವು ಮುಂದೆ ಸಾಗಿಬಿಡುತ್ತೇವೆ. ಆ ಬಂಗಲೆಯ ಕಥೆ ಕೇಳಬೇಕೆಂಬ ಮನಸ್ಸು ನನಗಾದರೂ ಹುಟ್ಟಿದ್ದು ಕೋವಿಡ್ ಕಾಲದಲ್ಲಿ, ಅದೂ ಜನರ ಮೇಲಿನ ಸಿಟ್ಟಿನಿಂದ.

ಆ ಸಿಟ್ಟನ್ನು ವಾಚಕರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ನಿಮ್ಮಲ್ಲಿ ಅನೇಕರು ಅದನ್ನು ಉಂಡವರೇ. 2020ರ ಮಾರ್ಚ್ ತಿಂಗಳಲ್ಲಿ ಲೋಕಲ್ ಗಾಡಿಗಳು ನಿಂತವು. ದಿನಕ್ಕೆ ಎಪ್ಪತ್ತೈದು ಲಕ್ಷಕ್ಕೂ ಹೆಚ್ಚು ಜನರನ್ನು ಹೊತ್ತು ತಿರುಗುತ್ತಿದ್ದ ಗಾಡಿಗಳವು. ಮನೆಯಲ್ಲಿರಿ, ಅಂತರ ಕಾಯಿರಿ, ಮೂಗು ಬಾಯಿ ಮುಚ್ಚಿಕೊಳ್ಳಿರಿ ಎಂದು ಸರಕಾರ ಸಾರಿತು. ಆದರೆ ನಮ್ಮ ಚಾಳಿನ ಕೆಳಗೆ ಸಂಜೆಯಾದೊಡನೆ ಹರಟೆಯ ಗುಂಪು ತಪ್ಪಲಿಲ್ಲ. ಭಾಜಿ ಮಾರ್ಕೆಟ್ಟಿನಲ್ಲಿ ಮಾಸ್ಕು ಕೊರಳಿಗೆ ಇಳಿಯಿತು. ಬಿಗಿಯಾಗಿ ಕಟ್ಟಿಕೊಂಡವನೂ ಮಾತನಾಡಬೇಕಾದಾಗ ಅದನ್ನು ಕೆಳಗೆ ಸರಿಸಿಯೇ ಮಾತನಾಡುತ್ತಿದ್ದ. ನಗರಪಾಲಿಕೆಯ ಮಾರ್ಷಲ್ ದೂರದಲ್ಲಿ ಕಂಡರೆ ಎಲ್ಲರ ಮೂಗೂ ಮುಚ್ಚುತ್ತಿತ್ತು. ಆತ ಹೋದನೆಂದರೆ ತೆರೆಯುತ್ತಿತ್ತು. ಇನ್ನೂರು ರೂಪಾಯಿ ದಂಡಕ್ಕೆ ಅಂಜಿದವರು ರೋಗಕ್ಕೆ ಅಂಜಲಿಲ್ಲ. ಮೇಲಿನ ಗ್ಯಾಲರಿಯಲ್ಲಿ ನಿಂತು ನಾನು, “ಈ ಜನಕ್ಕೆ ಬುದ್ಧಿ ಬರುವುದು ಯಾವಾಗ!” ಎಂದು ಕೂಗಾಡಿದ್ದುಂಟು. ಹಾಲು ತರಲು ಇಳಿದಾಗ ನನ್ನ ಮಾಸ್ಕು ಎಲ್ಲಿರುತ್ತಿತ್ತೆಂಬುದನ್ನು ನನ್ನ ಮನೆಯವರು ಬಲ್ಲರು.

ಈ ಸಿಟ್ಟು ಹೊಸದಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಇದೇ ಪರೇಲಿನ ಸುತ್ತಮುತ್ತ ಅಧಿಕಾರಿಗಳೂ ವೈದ್ಯರೂ ಇದೇ ಮಾತನ್ನು ಆಡಿದ್ದರು. ಆಗ ಬಂದದ್ದು ಪ್ಲೇಗು.

1896ರ ಸೆಪ್ಟೆಂಬರಿನಲ್ಲಿ, ಬಂದರಿಗೆ ಹತ್ತಿರದ ಮಾಂಡವಿಯಲ್ಲಿ ಡಾ. ಅಕಾಶಿಯೊ ವೀಗಸ್ ಎಂಬ ಗೋವೆಯ ಮೂಲದ ವೈದ್ಯರು ಕೆಲವು ರೋಗಿಗಳನ್ನು ಕಂಡರು. ವಿಪರೀತ ಜ್ವರ, ತೊಡೆಸಂದಿಯಲ್ಲಿ, ಕಂಕುಳಲ್ಲಿ ಗಡ್ಡೆ, ಕೆಲವೇ ದಿನಗಳಲ್ಲಿ ಮರಣ. ಇದು ಪ್ಲೇಗೇ ಸರಿ ಎಂದು ಅವರು ಧೈರ್ಯದಿಂದ ಹೇಳಿದರು. ವ್ಯಾಪಾರ ಕೆಡುವುದೆಂಬ ಅಂಜಿಕೆಯಿಂದ ಆ ಮಾತನ್ನು ಒಪ್ಪದವರೂ ಇದ್ದರು. ಆದರೆ ರೋಗ ಯಾರ ಒಪ್ಪಿಗೆಗೂ ಕಾಯಲಿಲ್ಲ. 1891ರ ಜನಗಣತಿಯಂತೆ ಎಂಟು ಲಕ್ಷಕ್ಕೂ ಮಿಕ್ಕ ಜನರಿದ್ದ ಪಟ್ಟಣದಿಂದ 1897ರ ಆರಂಭದ ಹೊತ್ತಿಗೆ ಅರ್ಧಕ್ಕೆ ಸಮೀಪ ಮಂದಿ ಹೊರಟುಹೋಗಿದ್ದರು. ಗಿರಣಿಗಳು ಕೂಲಿಕಾರರಿಲ್ಲದೆ ಬಿಕೋ ಎಂದವು.

ಅಕ್ಟೋಬರ್ ಆರಂಭದಲ್ಲಿ ಮುನಿಸಿಪಾಲಿಟಿ ಕಠಿಣ ನಿಯಮಗಳನ್ನು ಹೊರಡಿಸಿತು. ರೋಗಿಯನ್ನು ಬಲವಂತದಿಂದಲಾದರೂ ಆಸ್ಪತ್ರೆಗೆ ಸಾಗಿಸಬೇಕು. ಆತನಿದ್ದ ಮನೆಯನ್ನು ಔಷಧದ ನೀರಿನಿಂದ ತೊಳೆಯಬೇಕು. ಬಳಿಕ ನಿಯಮಗಳು ಇನ್ನೂ ಬಿಗಿಯಾದವು. ಮನೆಯ ಹೆಂಚು ತೆಗೆದು ಬಿಸಿಲು ಬೀಳಿಸಿದರು, ನೆಲ ಅಗೆದರು, ಸಾಮಾನು ಸುಟ್ಟರು. ವಾಸಕ್ಕೆ ಯೋಗ್ಯವಲ್ಲವೆಂದು ಕಂಡ ಮನೆಗಳ ಗೋಡೆಗೆ ಗುರುತು ಹಾಕಿದರು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಗಡ್ಡೆಗಾಗಿ ಮೈಮುಟ್ಟಿ ನೋಡಿದರು, ಹೆಂಗಸರಿಗೂ ವಿನಾಯತಿಯಿರಲಿಲ್ಲ. 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಮಾರ್ಚಿನಲ್ಲಿ ಜನರಲ್ ಗಟೇಕರ್ ಎಂಬ ಸೇನಾಧಿಕಾರಿಯ ಕೈಕೆಳಗೆ ಪ್ಲೇಗು ಸಮಿತಿ ನೇಮಕವಾಯಿತು. ಮನೆಗಳ ತಪಾಸಣೆಗೆ ವೈದ್ಯರ ಜತೆಗೆ ಸಿಪಾಯಿಗಳೂ ಬಂದರು.

ಜನರು ಏನು ಮಾಡಿದರು? ನಿಯಮ ಮುರಿದರು. ರೋಗಿಗಳನ್ನು ಅಟ್ಟದ ಮೇಲೆ, ಪೆಟ್ಟಿಗೆಗಳ ಹಿಂದೆ ಬಚ್ಚಿಟ್ಟರು. ತಪಾಸಣೆಯವರು ಬರುವ ಸುಳಿವು ಸಿಕ್ಕೊಡನೆ ಜ್ವರ ಬಂದವನನ್ನೂ ಎಬ್ಬಿಸಿ ಕೂಡಿಸಿದರು. ಸತ್ತವರ ಕಾರಣವನ್ನು ಬೇರೆ ಹೇಳಿ ಬರೆಸಿದರು. ಆಸ್ಪತ್ರೆಗೆ ಹೋದವರು ಜೀವಂತ ಮರಳುವುದಿಲ್ಲ, ಅಲ್ಲಿ ಬೇಕೆಂದೇ ಕೊಲ್ಲುತ್ತಾರೆ ಎಂಬ ಗಾಳಿಮಾತು ಚಾಳಿನಿಂದ ಚಾಳಿಗೆ ಹಬ್ಬಿತು. 1896ರ ಅಕ್ಟೋಬರ್ 29ರಂದು ಸುಮಾರು ಒಂದು ಸಾವಿರ ಗಿರಣಿ ಕೂಲಿಕಾರರು ಆರ್ಥರ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ನುಗ್ಗಿದರು. 1898ರ ಮಾರ್ಚ್ 9ರಂದು ಮದನಪುರದ ನೇಕಾರರು ತಮ್ಮ ಮನೆಯ ರೋಗಿಯನ್ನು ಒಯ್ಯಬಂದವರನ್ನು ತಡೆದಾಗ ದಂಗೆಯೇ ಎದ್ದಿತು. ಗುಂಡು ಹಾರಿತು, ಜೀವಗಳು ಹೋದವು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದುದು 1897ರ ಜೂನ್ 22ರಂದು.

ಇದು ಮರಾಠೀ ಸೀಮೆಯ ಸಂಗತಿ ಮಾತ್ರವೆಂದು ನಾವು ತಿಳಿಯಬಾರದು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಇಲಾಖೆಗೇ ಸೇರಿದ್ದವು. ರೈಲಿನ ದಾರಿ ಹಿಡಿದು ಪ್ಲೇಗು ಹುಬ್ಬಳ್ಳಿಗೆ ಬಂದಿತು. 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಮೈಸೂರು ಸಂಸ್ಥಾನದಲ್ಲಿಯೂ ನಿಯಮಗಳ ವಿರುದ್ಧ ಜನ ಸಿಡಿದೆದ್ದರು; ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಆ ವರ್ಷವೇ ದೊಂಬಿಯಾಯಿತು. ಆದರೆ ನಮ್ಮ ಹಳ್ಳಿಗಳಲ್ಲಿ ಜನರು ಯಾರ ಅಪ್ಪಣೆಗೂ ಕಾಯದೆ ಪಾಲಿಸಿದ ನಿಯಮವೊಂದಿತ್ತು. ಮನೆಯಲ್ಲಿ ಇಲಿ ಬಿದ್ದರೆ, ಅಂದರೆ ಸತ್ತ ಇಲಿ ಕಂಡರೆ, ಊರಿಗೆ ಊರೇ ಹೊರಗೆ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ನಮ್ಮ ಅಜ್ಜಿಯರು ಈ ಮಾತನ್ನು ಹೇಳಿದುದನ್ನು ಕೇಳಿ ಬೆಳೆದವರು ನಮ್ಮಲ್ಲಿ ಈಗಲೂ ಇದ್ದಾರೆ. ಬಸವನಗುಡಿ, ಮಲ್ಲೇಶ್ವರಗಳಂಥ ಗಾಳಿಬೆಳಕಿನ ಬಡಾವಣೆಗಳು ಬೇಗ ಬೆಳೆದುದಕ್ಕೂ ಪ್ಲೇಗಿನ ಭಯವೇ ಒಂದು ಕಾರಣ.

ಈಗ ಪರೇಲಿನ ಬಂಗಲೆಗೆ ಬರೋಣ. ಪೋರ್ತುಗೀಜರ ಕಾಲದಲ್ಲಿ ಕ್ರೈಸ್ತ ಸಂನ್ಯಾಸಿಗಳ ಮಠವಾಗಿದ್ದ ಈ ಕಟ್ಟಡ ಇಂಗ್ಲಿಷರ ಕಾಲದಲ್ಲಿ ಗವರ್ನರರ ನಿವಾಸವಾಯಿತು. 1882ರಲ್ಲಿ ಗವರ್ನರ್ ಸರ್ ಜೇಮ್ಸ್ ಫರ್ಗ್ಯುಸನ್ನರ ಪತ್ನಿ ಕಾಲರಾದಿಂದ ತೀರಿಕೊಂಡರು. ಆ ಬಳಿಕ ಗವರ್ನರರ ಬಿಡಾರ ಮಲಬಾರ್ ಗುಡ್ಡಕ್ಕೆ ಹೋಯಿತು. ಬಿಟ್ಟುಹೋದ ಬಂಗಲೆ ಪ್ಲೇಗಿನ ಕಾಲದಲ್ಲಿ ಆಸ್ಪತ್ರೆಯಾಯಿತು. 1899ರ ಆಗಸ್ಟಿನಲ್ಲಿ ಅಲ್ಲಿ ಪ್ಲೇಗು ಸಂಶೋಧನಾಲಯ ಆರಂಭವಾಯಿತು. ಅದರ ಮುಖ್ಯಸ್ಥರೇ ವಾಲ್ಡೆಮಾರ್ ಹಾಫ್‌ಕಿನ್.

ಹಾಫ್‌ಕಿನ್ನರು ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ. 1896ರ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದು ಬೈಕುಲ್ಲಾದ ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ ಮೂರು ತಿಂಗಳು ದುಡಿದು ಪ್ಲೇಗಿನ ಲಸಿಕೆಯನ್ನು ಸಿದ್ಧಗೊಳಿಸಿದರು. 1897ರ ಜನವರಿ 10ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಜ್ವರ ಬಂತು, ನೋವು ಬಂತು, ಹೋಯಿತು. ಆಮೇಲೆಯೇ ಬೈಕುಲ್ಲಾ ಜೈಲಿನಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಅದನ್ನು ಕೊಟ್ಟು ನೋಡಿದರು. ಮುಂದೆ ಹುಬ್ಬಳ್ಳಿಯಲ್ಲಿ ಊರಿನ ಬಹುಪಾಲು ಜನ ಈ ಸೂಜಿಯನ್ನು ಚುಚ್ಚಿಸಿಕೊಂಡರು. ಸಿಪಾಯಿಯ ಅಪ್ಪಣೆಗೆ ಬಾಗಿಲು ಹಾಕಿಕೊಂಡ ಕಾಲದಲ್ಲೇ ಇಷ್ಟು ಜನ ಇದಕ್ಕೆ ತೋಳು ಚಾಚಿದರೆಂಬುದನ್ನು ಗಮನಿಸಬೇಕು.

ಇನ್ನೊಂದು ಸಂಗತಿಯನ್ನು ನ್ಯಾಯವಾಗಿ ಹೇಳಬೇಕಾಗಿದೆ. ಆ ಕಾಲದ ನಿಯಮಗಳಲ್ಲಿ ಹಲವು ತಪ್ಪು ಗುರಿಯವಾಗಿದ್ದವು. ಪ್ಲೇಗು ಇಲಿಯ ಚಿಗಟದಿಂದ ಹರಡುತ್ತದೆಂದು ಫ್ರಾನ್ಸಿನ ಸಿಮೋಂ 1898ರಲ್ಲಿ ಕಂಡುಕೊಂಡರೂ ಕೂಡಲೇ ಯಾರೂ ನಂಬಲಿಲ್ಲ. ಅದು ದೃಢಪಟ್ಟದ್ದು ಮುಂದೆ ಕೆಲವು ವರ್ಷಗಳ ಬಳಿಕ, ಇದೇ ಪರೇಲಿನ ಬಂಗಲೆಯಲ್ಲಿ ಲಿಸ್ಟನ್ ಮೊದಲಾದವರು ನಡೆಸಿದ ಪ್ರಯೋಗಗಳಿಂದ. ಅಷ್ಟರಲ್ಲಿ ಮನುಷ್ಯರನ್ನು ಎಳೆದಾಡಿದ್ದಾಗಿತ್ತು, ಇಲಿ ಮಾತ್ರ ತನ್ನ ಪಾಡಿಗೆ ಮಾಡಿನಿಂದ ಮಾಡಿಗೆ ಓಡಾಡಿಕೊಂಡಿತ್ತು. ಇಲಿ ಬಿದ್ದ ಮನೆಯನ್ನು ಬಿಟ್ಟು ಹೊಲಕ್ಕೆ ಹೋದ ನಮ್ಮ ಹಳ್ಳಿಗರು ಈ ಒಂದು ವಿಷಯದಲ್ಲಿ ಅಧಿಕಾರಿಗಳಿಗಿಂತ ಸತ್ಯಕ್ಕೆ ಹತ್ತಿರವಿದ್ದರು.

ಸರಕಾರವೂ ಕಲಿಯಿತು. ಬಲಾತ್ಕಾರದಿಂದ ರೋಗಿಗಳು ಬಚ್ಚಿಟ್ಟುಕೊಳ್ಳುತ್ತಾರೆ, ಬಚ್ಚಿಟ್ಟುಕೊಂಡರೆ ರೋಗ ಇನ್ನೂ ಹರಡುತ್ತದೆ ಎಂಬುದು ಅರ್ಥವಾಯಿತು. ಒಂದೊಂದು ಸಮಾಜವೂ ತನ್ನವರಿಗೆ ತನ್ನದೇ ಪ್ಲೇಗು ಆಸ್ಪತ್ರೆ ತೆರೆಯಲು ಅವಕಾಶ ದೊರೆಯಿತು. ಪಾರಸಿಗಳು, ಜೈನರು, ಭಾಟಿಯಾಗಳು ಮುಂದೆ ಬಂದರು. ತಮ್ಮವರ ಕೈಯ ಅನ್ನನೀರು ಸಿಗುವುದೆಂದ ಮೇಲೆ ರೋಗಿಗಳು ತಾವಾಗಿಯೇ ಬಂದು ಮಲಗಿದರು. ಪ್ಲೇಗೇನೋ ಹೋಗಲಿಲ್ಲ, ಮುಂದಿನ ಎರಡು ಮೂರು ದಶಕಗಳಲ್ಲಿ ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆದರೆ ಬೀದಿಯ ಕಾದಾಟ ಕಡಿಮೆಯಾಯಿತು.

ಈಗ 2020ಕ್ಕೆ ಮರಳೋಣ. ಗಿರಣಿಯವರು ನುಗ್ಗಿದ ಆ ಆರ್ಥರ್ ರಸ್ತೆಯ ಆಸ್ಪತ್ರೆಯೇ ಇಂದಿನ ಕಸ್ತೂರಬಾ ಆಸ್ಪತ್ರೆ. ಸಾತ್ ರಸ್ತಾದ ಬಳಿ, ಪರೇಲಿಗೆ ಕೂಗಳತೆಯಲ್ಲಿದೆ. ಮುಂಬಯಿಯ ಮೊದಲ ಕೋವಿಡ್ ರೋಗಿಗಳನ್ನು ಸೇರಿಸಿಕೊಂಡದ್ದು ಅಲ್ಲಿಯೇ. ಮಹಾರಾಷ್ಟ್ರ ಸರಕಾರ ಮಾರ್ಚ್ 13ರಂದು ಜಾರಿಗೆ ತಂದದ್ದು ಅದೇ 1897ರ ಕಾಯಿದೆಯನ್ನು. ರೋಗಿಗಳ ಸೇವೆಗೆ ನಿಂತ ವೈದ್ಯರ ಮೇಲೂ ದಾದಿಯರ ಮೇಲೂ ಜನ ಕೈಮಾಡತೊಡಗಿದಾಗ, ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರಕಾರ ಆ ಕಾಯಿದೆಗೆ ತಿದ್ದುಪಡಿ ತಂದು ಅಂಥವರಿಗೆ ಸೆರೆಮನೆ ವಾಸವನ್ನು ವಿಧಿಸಬೇಕಾಯಿತು.

ಆ ಮೇ ತಿಂಗಳಲ್ಲಿ ನನ್ನ ಸಿಟ್ಟಿಗೆ ಒಂದು ಪೆಟ್ಟು ಬಿತ್ತು. ನಮ್ಮ ಚಾಳಿನ ಕೊನೆಯ ಖೋಲಿಯಲ್ಲಿ ವಿಜಾಪುರದ ಕಡೆಯ ಹುಡುಗರು ನಾಲ್ವರಿದ್ದರು. ಒಬ್ಬನಿಗೆ ಜ್ವರ, ಮೂರು ದಿನ ಯಾರಿಗೂ ಹೇಳಿರಲಿಲ್ಲ. ತಿಳಿದೊಡನೆ ನಾನು ಬಾಗಿಲಲ್ಲಿ ನಿಂತು, “ಏನೋ ತಮ್ಮಾ, ಚಾಳಿಗೆ ಚಾಳೇ ಸಾಯಬೇಕೇನು?” ಎಂದು ಗದರಿಸಿದೆ. ಆತ ಗೋಡೆಗೆ ಒರಗಿಕೊಂಡೇ, “ಅಣ್ಣಾವ್ರ, ನನ್ನ ಒಯ್ದರ ಖೋಲಿಗೆ ಕೀಲಿ ಹಾಕ್ತಾರ್ರಿ. ಈ ಮೂರು ಮಂದಿ ಎಲ್ಲಿ ಹೋಗಬೇಕ್ರಿ? ಪಗಾರ ಯಾರು ಕೊಡತಾರ್ರಿ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಸಂಜೆ ಚಾಳಿನವರು ನಾಲ್ಕು ಮಂದಿ ಕೂಡಿ ಉಳಿದ ಮೂವರ ಊಟದ ಹೊಣೆ ಹೊತ್ತೆವು. ಮರುದಿನ ಆತ ತಾನೇ ನಡೆದು ತಪಾಸಣೆಗೆ ಹೋದ. ಗುಣವಾಗಿ ಮರಳಿ ಬಂದ. 1896ರಲ್ಲಿ ಅಟ್ಟದ ಮೇಲೆ ಅಡಗಿದವನ ಅಂಜಿಕೆಯೂ ಇಂಥದೇ ಆಗಿದ್ದಿರಬೇಕೆಂದು ಆಗ ನನಗೆ ಹೊಳೆಯಿತು.

ಅದೇ ತಿಂಗಳಲ್ಲಿ ನಮ್ಮೆಲ್ಲರ ಮೇಲೆಯೂ ಬೆರಳು ತಿರುಗಿದ್ದನ್ನು ಮರೆಯಲಾದೀತೆ? ಕೆಲಸ ಕಳೆದುಕೊಂಡು ಮಂಡ್ಯ, ಉಡುಪಿ, ಕಲಬುರ್ಗಿಗಳಿಗೆ ಮರಳಿದ ಮುಂಬಯಿ ಕನ್ನಡಿಗರಿಂದಲೇ ರೋಗ ಬಂತೆಂದು ಊರವರು ದೂರಿದರು. ಮೇ 18ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಗಡಿ ಮುಚ್ಚಿತು. ಗ್ಯಾಲರಿಯ ಮೇಲಿಂದ ಬೈಯುತ್ತಿದ್ದವರು ತಾವೇ ಬೈಸಿಕೊಂಡೆವು. ಊರವರ ಅಂಜಿಕೆ ಸುಳ್ಳಾಗಿರಲಿಲ್ಲ. ನಮ್ಮ ನೋವೂ ಸುಳ್ಳಾಗಿರಲಿಲ್ಲ.

ಹಾಗೆಂದು ಎಲ್ಲ ಉಲ್ಲಂಘನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕೂಲಿ ತಪ್ಪೀತೆಂದು ಜ್ವರ ಬಚ್ಚಿಟ್ಟವನು ಬೇರೆ. ಹೊಟ್ಟೆ ತುಂಬಿದ್ದೂ, ತಿಳಿದಿದ್ದೂ, ಬರೀ ಸಸಾರದಿಂದ ನೂರು ಜನರನ್ನು ಕರೆದು ಮದುವೆಯೂಟ ಹಾಕಿದವನು ಬೇರೆ. ಮೊದಲಿನವನಿಗೆ ಬೇಕಾದದ್ದು ಅನ್ನ, ಅಭಯ. ಎರಡನೆಯವನಿಗೆ ದಂಡ ಸಲ್ಲುವಂಥದೇ. ಪ್ಲೇಗಿನ ಕಾಲದ ಅಧಿಕಾರಿಗಳು ಇಬ್ಬರನ್ನೂ ಒಂದೇ ಲಾಠಿಯಿಂದ ಅಟ್ಟಿದರು. ನಮ್ಮ ಬಾಯಿಯ ಬೈಗುಳವೂ ಬಹುಮಟ್ಟಿಗೆ ಹಾಗೆಯೇ ಇತ್ತು.

ನಿಯಮ ಪಾಲನೆಯಾದ ಕಡೆಗಳಲ್ಲಿ ಏನು ನಡೆಯಿತೆಂಬುದನ್ನೂ ನೋಡಿದ್ದೇವೆ. ಧಾರಾವಿಯಲ್ಲಿ ಲಕ್ಷಗಟ್ಟಲೆ ಜನ ಸಾರ್ವಜನಿಕ ಶೌಚಾಲಯಗಳನ್ನೇ ನೆಚ್ಚಿದವರು. ಅಲ್ಲಿ ನಗರಪಾಲಿಕೆ ಬೀದಿಯ ಪರಿಚಿತ ಡಾಕ್ಟರುಗಳನ್ನೇ ಮುಂದಿಟ್ಟುಕೊಂಡು ಮನೆಮನೆಗೆ ಹೋಯಿತು, ಬೇರೆಯಿರಿಸಿದವರಿಗೆ ಊಟ ಒದಗಿಸಿತು. ಕೆಲವು ತಿಂಗಳಲ್ಲಿ ರೋಗ ಹಿಡಿತಕ್ಕೆ ಬಂದಿತು. ನಮ್ಮ ಪರೇಲಿಗೆ ಅಂಟಿದ ಲಾಲ್‌ಬಾಗಿನಲ್ಲಿ, 1934ರಿಂದ ತಪ್ಪದೆ ನಡೆದುಬಂದ ಗಣೇಶೋತ್ಸವವನ್ನು ಮಂಡಲದವರು 2020ರಲ್ಲಿ ಎಂದಿನಂತೆ ನಡೆಸದೆ, ರಕ್ತದಾನ, ಪ್ಲಾಸ್ಮಾದಾನಗಳ ಆರೋಗ್ಯೋತ್ಸವವನ್ನು ನಡೆಸಿದರು. ಲಕ್ಷಾಂತರ ಜನ ಸೇರುವ ಬೀದಿ ಪೊಲೀಸರ ಬಲವಂತವಿಲ್ಲದೆ ಖಾಲಿಯುಳಿಯಿತು. ಹೇಳಿದವರು ತಮ್ಮವರೆಂಬ ನಂಬಿಕೆಯಿದ್ದುದರಿಂದ ಜನ ಕೇಳಿದರು.

2022ರ ಏಪ್ರಿಲಿನಲ್ಲಿ ಮುಂಬಯಿಯಲ್ಲಿ ಮಾಸ್ಕಿನ ದಂಡ ನಿಂತಿತು. ಗಾಡಿಗಳು ಮತ್ತೆ ತುಂಬಿವೆ. ಮಹಾಮಾರಿ ಇನ್ನೊಮ್ಮೆ ಬಾರದೆಂದು ಹೇಳುವ ಧೈರ್ಯ ಯಾವ ವೈದ್ಯನಿಗೂ ಇಲ್ಲ. ಬಂದ ದಿನ ನಮ್ಮ ಸಂಘಗಳಿಗೆ ಒಂದು ಕೆಲಸವಿದೆ. ರಾಜ್ಯೋತ್ಸವಕ್ಕೆ ವಂತಿಗೆ ಎತ್ತಲು ನಾವು ಪ್ರತಿವರ್ಷ ಏರುವ ಮೆಟ್ಟಿಲುಗಳನ್ನೇ ಆಗಲೂ ಏರಿ, ಯಾವ ಖೋಲಿಯಲ್ಲಿ ಜ್ವರವಿದೆ, ಯಾರ ಪಗಾರ ನಿಂತಿದೆ ಎಂದು ಕನ್ನಡದಲ್ಲಿ ಕೇಳಬೇಕು. ಅದನ್ನು ಮಾಡಿದ ಮೇಲೆ, ಕೆಳಗೆ ಮಾಸ್ಕಿಲ್ಲದೆ ನಿಂತವನನ್ನು ಗದರಿಸುವ ಅಧಿಕಾರ ನಮಗೆ ಬರುತ್ತದೆ. ಗದರಿಸಲು ಹೊರಡುವ ಮುನ್ನ ನಮ್ಮ ಮೂಗು ಮುಚ್ಚಿದೆಯೇ ಎಂದು ಮುಟ್ಟಿ ನೋಡಿಕೊಂಡರೆ ಇನ್ನೂ ಒಳ್ಳೆಯದು.