ಒಂದು ಪ್ಲೇಟಿನ ಎರಡು ಮಗ್ಗುಲು

ಗ್ರಾಮೋಫೋನ್ ಪ್ಲೇಟಿನಲ್ಲಿ ಹಾಡು ಮುಗಿಯುವ ಜಾಗಕ್ಕೂ ನಡುವೆ ಅಂಟಿಸಿದ ದುಂಡು ಚೀಟಿಗೂ ಮಧ್ಯೆ ಬೆರಳಗಲದ ಖಾಲಿ ಪಟ್ಟಿಯೊಂದಿರುತ್ತದೆ. ಕೇಳುವವರಿಗೆ ಅದು ಬೇಡದ ಜಾಗ. ಮುಳ್ಳು ಅಲ್ಲಿಗೆ ಬಂದು ಕರಕರ ಅನ್ನತೊಡಗಿದರೆ ಎದ್ದು ಹೋಗಿ ಎತ್ತಿಡಬೇಕು, ಅಷ್ಟೇ. ಹುಡುಕುವವರು ಮಾತ್ರ ಮೊದಲು ನೋಡುವುದೇ ಅದನ್ನು. ಪ್ಲೇಟನ್ನು ಬೆಳಕಿಗೆ ಓರೆ ಹಿಡಿದರೆ ಅಲ್ಲಿ ಅಂಕಿ, ಅಕ್ಷರ ಗೀಚಿದ್ದು ಕಾಣುತ್ತದೆ. ಯಾವ ಅಚ್ಚು, ಯಾವ ಕಾರ್ಖಾನೆ, ಮೊದಲ ಸಲ ಒತ್ತಿದ್ದೋ ಆಮೇಲಿನದೋ ಎಂಬುದು ಅದರಿಂದ ಗೊತ್ತಾಗುತ್ತದೆ. ಒಮ್ಮೊಮ್ಮೆ ಅಚ್ಚು ಕೊರೆದವನ ಸಹಿಯೂ ಇರುತ್ತದೆ. ಇಂಗ್ಲೆಂಡಿನ ಜಾರ್ಜ್ ಪೆಕಮ್ ತಾನು ಕೊರೆದ ಅಚ್ಚುಗಳಲ್ಲಿ ‘ಎ ಪೋರ್ಕಿ ಪ್ರೈಮ್ ಕಟ್’ ಎಂದು ಗೀಚಿ ಬಿಡುತ್ತಿದ್ದ. ಕವರಿನ ಮೇಲೆ ಸುಳ್ಳು ಬರೆಯಬಹುದು. ಈ ಪಟ್ಟಿಯಲ್ಲಿ ಸುಳ್ಳು ಬರೆಯುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ.

ನನಗೆ ಈ ಚಾಳಿ ಹತ್ತಿದ್ದು ರಾಯಚೂರು ಸೀಮೆಯ ಹಾಡುಗಾರರ ಬೆನ್ನು ಬಿದ್ದಾಗ. ರಾಯಚೂರಿನ ರಂಗಮಂದಿರಕ್ಕೆ ಹೆಸರು ಕೊಟ್ಟ ಪಂಡಿತ ಸಿದ್ದರಾಮ ಜಂಬಲದಿನ್ನಿಯವರಂಥ ದೊಡ್ಡವರ ಜಾಡು ಹೇಗೋ ಸಿಗುತ್ತದೆ. ಅರಕೇರಾ, ಗಬ್ಬೂರು, ಜಾಲಹಳ್ಳಿ ಕಡೆಯ ಮೊಹರಂ ಪದದವರು, ತತ್ವಪದದವರು, ಭಜನಿ ಮೇಳದವರು ರಾತ್ರಿಯಿಡೀ ಹಾಡಿದ್ದು ಗಾಳಿಗೆ ಹೋಯಿತು. ಎಂಬತ್ತರ ದಶಕದಲ್ಲಿ, ಹತ್ತಿ ಮಾರಿದ ರೊಕ್ಕದಲ್ಲಿ ಮನೆಗೊಂದು ಟೇಪ್ ರೆಕಾರ್ಡರ್ ಬರತೊಡಗಿದ ಮೇಲೆ, ಒಂದಿಷ್ಟು ಕ್ಯಾಸೆಟ್ಟಿನಲ್ಲಿ ಉಳಿಯಿತು. ಅದರಲ್ಲೂ ಅರ್ಧಕ್ಕೆ ಬೂಷ್ಟು ಹಿಡಿದಿದೆ. ಕಂಪನಿಗೆ ಬೇಡವಾದ ಹಾಡು ದಾಖಲೆಗೆ ಹೇಗೆ ಬರುತ್ತದೆ ಎಂಬ ಪ್ರಶ್ನೆ ತಲೆಯಲ್ಲಿ ಕೂತದ್ದು ಹಾಗೆ. ಅದೇ ದಶಕದಲ್ಲಿ ಕಂಪನಿಯ ಹಂಗೇ ಬೇಡವೆಂದು ತಾವೇ ಪ್ಲೇಟು ಒತ್ತಿಸಿದ ಹುಡುಗರು ಜಗತ್ತಿನಲ್ಲಿದ್ದರು ಎಂದು ತಿಳಿದಾಗ, ಅರಕೇರಾದಲ್ಲಿ ಕೂತು ನಾನು ಕಿವಿಗಡಚಿಕ್ಕುವ ಹಾರ್ಡ್‌ಕೋರ್ ಪಂಕಿನ ಬೆನ್ನು ಹತ್ತಿದೆ. ಮನೆಯವರಿಗೆ ಇದು ಸಂಗೀತವೆಂದು ಒಪ್ಪಿಸುವುದು ಇನ್ನೂ ಆಗಿಲ್ಲ.

ಹಾರ್ಡ್‌ಕೋರ್ ಎಂದರೆ ಎಪ್ಪತ್ತರ ಪಂಕ್ ಸಂಗೀತವನ್ನು ಇನ್ನಷ್ಟು ಜೋರಾಗಿ ಓಡಿಸಿದ್ದು. ಹಾಡು ಒಂದು ನಿಮಿಷದ್ದು, ಕೆಲವೊಮ್ಮೆ ಅದೂ ಇಲ್ಲ. ಎರಡು–ಮೂರು ಸ್ವರಗುಚ್ಛ, ಓಡುವ ಡ್ರಮ್ಮು, ಕೂಗು. ಇದನ್ನು ಕೊಳ್ಳುವ ಕಂಪನಿ ಎಲ್ಲಿ ಸಿಗಬೇಕು? ವಾಷಿಂಗ್ಟನ್ನಿನಲ್ಲಿ ಟೀನ್ ಐಡಲ್ಸ್ ಎಂಬ ಶಾಲಾ ಹುಡುಗರ ಬ್ಯಾಂಡು ಮುರಿದುಬಿದ್ದಾಗ ಅವರ ಪೆಟ್ಟಿಗೆಯಲ್ಲಿ ಸುಮಾರು 600 ಡಾಲರ್ ಉಳಿದಿತ್ತು. ಹಂಚಿಕೊಳ್ಳುವ ಬದಲು ಎಂಟು ಹಾಡಿನ ಸಣ್ಣ ಪ್ಲೇಟೊಂದನ್ನು 1980ರ ಕೊನೆಗೆ 1000 ಪ್ರತಿ ಒತ್ತಿಸಿದರು. ಕವರು ಹೇಗೆ ಮಾಡುವುದೆಂದು ಗೊತ್ತಿರಲಿಲ್ಲ. ಮನೆಯಲ್ಲಿದ್ದ ಬೇರೊಂದು ಪ್ಲೇಟಿನ ಕವರನ್ನು ಬಿಚ್ಚಿ ಹರವಿ, ಅದರ ಅಳತೆ ಗೀಚಿಕೊಂಡು, ಕತ್ತರಿ ಹಿಡಿದು ಕತ್ತರಿಸಿ, ಗೋಂದು ಹಚ್ಚಿ ಮಡಿಚಿದರು. ಡಿಸ್ಕಾರ್ಡ್ ಎಂಬ ಸಂಸ್ಥೆ ಹುಟ್ಟಿದ್ದು ಆ ಕತ್ತರಿ–ಗೋಂದಿನಿಂದ. ಅದರ ಹಿಂದಿದ್ದ ಇಯನ್ ಮಕಾಯ್ ಮತ್ತು ಜೆಫ್ ನೆಲ್ಸನ್ ಆಮೇಲೆ ಮೈನರ್ ಥ್ರೆಟ್ ಎಂಬ ಬ್ಯಾಂಡು ಕಟ್ಟಿದರು. ಹಾಗಾಗಿ ಇಂಥ ಕವರುಗಳ ಅಂಚು ನೇರವಾಗಿಲ್ಲ ಎನ್ನುವುದು ದೋಷವಲ್ಲ, ಪುರಾವೆ.

ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ಬ್ರೆಕ್ಟ್ ಮನೆತನದ ಅಣ್ಣತಮ್ಮಂದಿರು ಅಭ್ಯಾಸ ಮಾಡುವಾಗ ಗಲಾಟೆ ತಾಳದೆ ಅಪ್ಪ ಬೈಯುತ್ತಿದ್ದನಂತೆ. ಆ ಬೈಗುಳವನ್ನೇ ಬ್ಯಾಂಡಿನ ಹೆಸರು ಮಾಡಿಕೊಂಡರು: ಡರ್ಟಿ ರಾಟನ್ ಇಂಬೆಸೈಲ್ಸ್, ಚಿಕ್ಕದಾಗಿ ಡಿ.ಆರ್.ಐ. 1982ರ ಕೊನೆಗೆ ಮುದ್ರಿಸಿಕೊಂಡ ಅವರ ಮೊದಲ ಪ್ಲೇಟು ಏಳಿಂಚಿನದು, ಅದರಲ್ಲಿ 22 ಹಾಡು. ತಂಬಿಗೆಯಲ್ಲಿ ಕೊಡದ ನೀರು ಹಿಡಿಸಿದ ಹಾಗೆ. ಒಂದು ಮಗ್ಗುಲಲ್ಲಿ ನಿಮಿಷ ಹೆಚ್ಚಿದಷ್ಟೂ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಒತ್ತೊತ್ತಾದಷ್ಟೂ ಸದ್ದು ಸಣ್ಣಗಾಗುತ್ತದೆ. ಜೋರೇ ಬಂಡವಾಳವಾದ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಪೇಚು ಬೇರೆ ಬೇಕೆ? ಅವೇ ಹಾಡುಗಳನ್ನು ಆಮೇಲೆ ಹನ್ನೆರಡಿಂಚಿನ ಪ್ಲೇಟಿಗೆ ಹಾಕಿದರು, ಹೆಸರಿನಲ್ಲಿ ‘ಇ.ಪಿ.’ ಹೋಗಿ ‘ಎಲ್.ಪಿ.’ ಬಂತು. ಮೊದಲು ಒತ್ತಿದ 1000 ಪ್ರತಿಗೆ ಇಂದು ಹುಚ್ಚು ಬೆಲೆ. ಕಳ್ಳಪ್ರತಿಗಳೂ ಹುಟ್ಟಿಕೊಂಡಿವೆ, ಅವನ್ನು ಹಿಡಿದುಕೊಡುವುದು ಮತ್ತೆ ಆ ಬೆರಳಗಲದ ಪಟ್ಟಿಯೇ.

ಪಂಕಿನವರೂ ಮೆಟಲ್‌ನವರೂ ಮೊದಮೊದಲು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಬ್ಬರದು ಬೋಳಿಸಿದ ತಲೆ, ಇನ್ನೊಬ್ಬರದು ಉದ್ದ ಕೂದಲು. ಇವರಿಬ್ಬರ ಬೀಗತನ ಯಾವಾಗ ಕುದುರಿತೆಂದು ಕೇಳಿದರೆ ಬಹಳ ಜನ ಡಿ.ಆರ್.ಐ.ಯ 1987ರ ‘ಕ್ರಾಸೋವರ್’ ಪ್ಲೇಟನ್ನು ತೋರಿಸುತ್ತಾರೆ, ಆ ಬಗೆಗೆ ಹೆಸರು ಅಂಟಿದ್ದು ಅದರಿಂದ. ನನ್ನ ಕಣ್ಣು ಚೀಟಿಯ ಮೇಲೆ. ಅವರದೇ 1985ರ ‘ಡೀಲಿಂಗ್ ವಿತ್ ಇಟ್’ ಮತ್ತು ಅದೇ ವರ್ಷ ಕೊರೋಷನ್ ಆಫ್ ಕನ್‌ಫಾರ್ಮಿಟಿ ತಂದ ‘ಅನಿಮಾಸಿಟಿ’, ಎರಡರ ಮೇಲೂ ‘ಡೆತ್ ರೆಕಾರ್ಡ್ಸ್’ ಎಂದಿದೆ. ಅದು ಲಾಸ್ ಏಂಜಲೀಸಿನ ಮೆಟಲ್ ಬ್ಲೇಡ್ ಕಂಪನಿ ಪಂಕಿನವರಿಗಾಗಿ ತೆರೆದ ಪಕ್ಕದ ಬಾಗಿಲು. ಹೆಸರಿಡುವುದಕ್ಕೆ ಎರಡು ವರ್ಷ ಮೊದಲೇ ರೊಕ್ಕ ಹಾಕುವವನು ಈ ಸಂಬಂಧ ಕುದುರುತ್ತದೆಂದು ಲೆಕ್ಕ ಹಾಕಿದ್ದ. ಸಂಗೀತದ ಇತಿಹಾಸ ಬರೆಯುವವರು ತಾಳ, ಲಯ, ಶೈಲಿ ಎನ್ನುತ್ತಾರೆ; ನಾನು ಮೊದಲು ಹಣ ಕೊಟ್ಟವರಾರು ಎಂದು ನೋಡುತ್ತೇನೆ.

ಅದೇ 1985ರಲ್ಲಿ ಆಂಥ್ರಾಕ್ಸ್ ಬ್ಯಾಂಡಿನ ಕೆಲವರು ಸೇರಿ, ಎಸ್.ಒ.ಡಿ. ಎಂಬ ಹೆಸರಿನಲ್ಲಿ, ಮೂರು ದಿನದಲ್ಲಿ ಮುದ್ರಿಸಿ ಮುಗಿಸಿದ ಪ್ಲೇಟೊಂದು ಬಂತು. ಅದರ ಹೆಸರು ‘ಸ್ಪೀಕ್ ಇಂಗ್ಲಿಷ್ ಆರ್ ಡೈ’. ತಮಾಷೆಗೆ ಹಾಗೆ ಹೆಸರಿಟ್ಟೆವು ಎಂದು ಮಾಡಿದವರು ಹೇಳಿದ್ದಾರೆ. ವಾದ್ಯದ ಕೆಲಸ ಜಬರ್ದಸ್ತಾಗಿದೆ. ತಮಾಷೆಗೆ ನನಗೆ ನಗು ಬರಲಿಲ್ಲ. ಏಕೆಂದರೆ ಅಷ್ಟರಲ್ಲಿ ಹಾರ್ಡ್‌ಕೋರ್ ಇಂಗ್ಲಿಷಿನ ಕೈ ತಪ್ಪಿಹೋಗಿತ್ತು. ಫಿನ್ಲೆಂಡಿನ ಉತ್ತರದಲ್ಲಿ, ಸ್ವೀಡನ್ ಗಡಿಯ ತೊರ್ನಿಯೊ ಎಂಬ ಸಣ್ಣ ಊರಿನ ತೆರ್ವೇತ್ ಕಾದೆತ್ ಫಿನ್ನಿಷ್ ಭಾಷೆಯಲ್ಲೇ ಅರಚುತ್ತಿತ್ತು. ಬ್ರೆಜಿಲಿನಲ್ಲಿ ಮಿಲಿಟರಿ ಆಳ್ವಿಕೆಯ ಕೊನೆಗಾಲ. 1984ರಲ್ಲಿ ಸಾವೊ ಪಾಲೊ ನಗರದ ರಾತೊಸ್ ಜಿ ಪೊರಾಂವ್ ಪೋರ್ಚುಗೀಸಿನಲ್ಲಿ ತನ್ನ ಮೊದಲ ಪೂರ್ಣ ಪ್ಲೇಟು ತಂದಿತು. ಜಪಾನಿನಲ್ಲಿ ಗಾಜ್, ಜಿಸ್ಮ್. ಇವರೆಲ್ಲ ಅಂಚೆಯಲ್ಲಿ ಪ್ಲೇಟು, ಕ್ಯಾಸೆಟ್ಟು ಅದಲುಬದಲು ಮಾಡಿಕೊಳ್ಳುತ್ತಿದ್ದರು. 1982ರಲ್ಲಿ ಟಿಮ್ ಯೊಹಾನನ್ ಕ್ಯಾಲಿಫೋರ್ನಿಯಾದಲ್ಲಿ ಶುರುಮಾಡಿದ ‘ಮ್ಯಾಕ್ಸಿಮಮ್ ರಾಕ್‌ನ್‌ರೋಲ್’ ಪತ್ರಿಕೆಯ ಒತ್ತೊತ್ತಾದ ಪುಟಗಳಲ್ಲಿ ದೇಶದೇಶದ ವರದಿ ಬರುತ್ತಿದ್ದವು.

ಅಮೆರಿಕದ ಹುಡುಗನಿಗೆ ಪ್ಲೇಟು ಮಾಡಲು ರೊಕ್ಕವೊಂದಿದ್ದರೆ ಸಾಕಿತ್ತು. ಪೂರ್ವ ಜರ್ಮನಿಯಲ್ಲಿ ರೊಕ್ಕದಿಂದ ಆಗುವಂಥದ್ದಲ್ಲ ಅದು. ಅಲ್ಲಿ ಜನಪ್ರಿಯ ಸಂಗೀತ ಅಚ್ಚು ಹಾಕಲು ಇದ್ದದ್ದು ಸರ್ಕಾರದ ‘ಅಮಿಗಾ’ ಒಂದೇ. ವೇದಿಕೆ ಹತ್ತಬೇಕೆಂದರೂ ಸರ್ಕಾರಿ ಸಮಿತಿಯ ಮುಂದೆ ನುಡಿಸಿ ತೋರಿಸಿ ದರ್ಜೆ ಪತ್ರ ಪಡೆಯಬೇಕು. ಪಂಕ್ ಬ್ಯಾಂಡಿಗೆ ಆ ಪತ್ರ ಯಾರು ಕೊಡುತ್ತಾರೆ? ಚರ್ಚಿನ ಒಳಗೆ ಮಾತ್ರ ಈ ಕಾನೂನಿನ ಕೈ ಅಷ್ಟು ಉದ್ದ ಇರಲಿಲ್ಲ. ಹಾಗಾಗಿ ದೇವರ ಗೊಡವೆಯೇ ಇಲ್ಲದ ಹುಡುಗರು ಪ್ರಾಟೆಸ್ಟೆಂಟ್ ಪಾದ್ರಿಗಳ ಆಸರೆಯಲ್ಲಿ ಗಿಟಾರ್ ಬಾರಿಸಿದರು.

ಎರ್ಫುರ್ಟ್ ನಗರದ ಪಕ್ಕ ಸ್ಟೊಟರ್ನ್‌ಹೈಮ್ ಎಂಬ ಹಳ್ಳಿ ಇದೆ. ಕ್ರೈಸ್ತ ಚರಿತ್ರೆ ಓದಿದವರಿಗೆ ಹೆಸರು ಗೊತ್ತಿರಬಹುದು: 1505ರ ಜುಲೈಯಲ್ಲಿ ಅದರ ಹತ್ತಿರ ಸಿಡಿಲು ಬಡಿದಾಗಲೇ ಲೂಥರ್ ಸನ್ಯಾಸಿಯಾಗುತ್ತೇನೆಂದು ಹರಕೆ ಹೊತ್ತದ್ದು. ಆ ಊರಿನಿಂದ ಎಂಬತ್ತರ ದಶಕದ ಶುರುವಿಗೆ ಎದ್ದ ಇನ್ನೊಂದು ಸಿಡಿಲು ಶ್ಲೈಮ್‌ಕೈಮ್. ‘ಓಟ್ಸೆ’ ಎಂದು ಕರೆಸಿಕೊಳ್ಳುತ್ತಿದ್ದ ಡೀಟರ್ ಎಹ್ರ್ಲಿಖ್ ಮತ್ತು ಜೊತೆಗಾರರು ಕಟ್ಟಿದ ಬ್ಯಾಂಡು. ಈ ಹಳ್ಳಿಯ ಹುಡುಗರ ಹಾಡು ಪ್ಲೇಟಿಗೆ ಹತ್ತಿದ್ದು 1983ರಲ್ಲಿ, ಪಶ್ಚಿಮ ಬರ್ಲಿನ್ನಿನಲ್ಲಿ. ಕದ್ದು ಮುದ್ರಿಸಿದ ಟೇಪು ಗಡಿ ದಾಟಿ ಹೋಗಿ, ಅಗ್ರೆಸ್ಸಿವ್ ರಾಕ್‌ಪ್ರೊಡುಕ್‌ತ್ಸಿಯೋನನ್ ಎಂಬ ಸಣ್ಣ ಸಂಸ್ಥೆಯಿಂದ ‘ಡೇಡೇಎರ್ ಫೋನ್ ಉಂಟನ್’ ಎಂಬ ಹೆಸರಲ್ಲಿ ಹೊರಬಂತು. ಕೆಳಗಿನಿಂದ ಕಂಡ ಪೂರ್ವ ಜರ್ಮನಿ ಎಂದು ಅದರ ಭಾವ. ಆ ದೇಶದ ಮೊದಲ ಪಂಕ್ ಪ್ಲೇಟು ಅದೇ, ಅದೂ ಆ ದೇಶದ ಹೊರಗೆ ಹುಟ್ಟಿದ್ದು.

ಕವರಿನಲ್ಲಿ ಶ್ಲೈಮ್‌ಕೈಮ್ ಎಂಬ ಹೆಸರು ಹುಡುಕಿದರೆ ಸಿಗುವುದಿಲ್ಲ. ಪೊಲೀಸರ ಕಣ್ಣು ತಪ್ಪಿಸಲು ‘ಸೌಕೆರ್ಲೆ’ ಎಂದು ಹಾಕಿಸಿಕೊಂಡಿದ್ದರು. ಹೆಸರು ಮುಚ್ಚಿಟ್ಟರೂ ಉಳಿಗಾಲವಾಗಲಿಲ್ಲ, ಅವರನ್ನು ಹಿಡಿದು ವಿಚಾರಣೆಗೆ ಒಳಪಡಿಸಿದರು. ಈ ಪ್ಲೇಟಿನಲ್ಲಿ ರೋಜಾ ಎಕ್ಸ್‌ಟ್ರಾ ಎಂಬ ಬ್ಯಾಂಡೂ ಇರಬೇಕಿತ್ತು. ಗುಪ್ತ ಪೊಲೀಸರಾದ ಸ್ಟಾಸಿಯ ಒತ್ತಡಕ್ಕೆ ಅದು ಮೊದಲೇ ಹಿಂದೆ ಸರಿಯಿತು.

ಇನ್ನೊಂದು ಮಗ್ಗುಲಲ್ಲಿದ್ದದ್ದು ಡ್ರೆಸ್ಡನ್ನಿನ ತ್ಸ್ವಿಚರ್‌ಮಶೀನೆ, ಚಿತ್ರಕಾರರೂ ಕವಿಗಳೂ ಕೂಡಿದ ಬ್ಯಾಂಡು. ಚಿತ್ರಕಲಾವಿದೆ ಕೊರ್ನೇಲಿಯಾ ಶ್ಲೈಮೆ ಅದರಲ್ಲಿದ್ದರು. ಸಾಹಿತ್ಯ ಬರೆದು ಕಂಠ ಕೊಟ್ಟವನು ಸಾಶಾ ಆಂಡರ್ಸನ್. ಮುಂದೆ ಪೂರ್ವ ಬರ್ಲಿನ್ನಿನ ಭೂಗತ ಸಾಹಿತ್ಯಕ್ಕೆ ಅವನೇ ಯಜಮಾನನಂತಾದ. ಯಾರ ಹಸ್ತಪ್ರತಿ ಯಾರಿಗೆ ತಲುಪಬೇಕು, ಯಾರ ಮನೆಯಲ್ಲಿ ಓದು, ಎಲ್ಲಕ್ಕೂ ಆಂಡರ್ಸನ್.

1989ರ ಕೊನೆಗೆ ಬರ್ಲಿನ್ ಗೋಡೆ ಬಿತ್ತು. ಸ್ಟಾಸಿಯವರು ಕಡತ ಸುಡುತ್ತಿದ್ದಾರೆಂಬ ಸುದ್ದಿ ಹಬ್ಬಿದಾಗ ಜನ ನುಗ್ಗಿ ವಶಪಡಿಸಿಕೊಂಡ ಮೊದಲ ಜಿಲ್ಲಾ ಕಚೇರಿ ಬರ್ಲಿನ್ನಿನದಲ್ಲ, ಸ್ಟೊಟರ್ನ್‌ಹೈಮಿನ ಮಗ್ಗುಲಿನ ಎರ್ಫುರ್ಟಿನದು, ಡಿಸೆಂಬರ್ 4ರಂದು. ಮುಂದಾಳತ್ವ ವಹಿಸಿದವರು ಹೆಂಗಸರು. ಉಳಿದ ಕಡತಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 111 ಕಿಲೋಮೀಟರ್. 1991ರ ಕೊನೆಗೆ ಕಾನೂನು ಬಂತು, 1992ರ ಜನವರಿಯಿಂದ ಯಾರು ಬೇಕಾದರೂ ತಮ್ಮ ಮೇಲಿನ ಕಡತ ಕೇಳಿ ಓದಬಹುದಾಯಿತು. ಅದಕ್ಕೂ ಮುಂಚೆ, 1991ರ ಅಕ್ಟೋಬರಿನಲ್ಲಿ, ಗೇಯೋರ್ಗ್ ಬ್ಯೂಖ್ನರ್ ಪ್ರಶಸ್ತಿ ಪಡೆದ ಹಾಡುಗಾರ ವೋಲ್ಫ್ ಬೀರ್ಮನ್ ತುಂಬಿದ ಸಭೆಯಲ್ಲೇ ಆಂಡರ್ಸನ್ ಸ್ಟಾಸಿಯ ಮನುಷ್ಯ ಎಂದು ಬೈದು ಹೇಳಿದ್ದರು. ಆಂಡರ್ಸನ್ ಮೊದಲು ಅಲ್ಲಗಳೆದ. ಕಡತಗಳಲ್ಲಿ ಅವನ ಗುಪ್ತನಾಮಗಳು ಒಂದಲ್ಲ ಎರಡಲ್ಲ: ಡೇವಿಡ್ ಮೆಂಜರ್, ಫ್ರಿಟ್ಜ್ ಮ್ಯುಲರ್, ಪೀಟರ್ಸ್.

ಈಗ ಪ್ಲೇಟನ್ನು ಮತ್ತೆ ಕೈಗೆತ್ತಿಕೊಳ್ಳಿ. ಒಂದು ಮಗ್ಗುಲಲ್ಲಿ ಪೊಲೀಸರಿಗೆ ಹೆದರಿ ಸುಳ್ಳು ಹೆಸರು ಹಾಕಿಸಿಕೊಂಡವರು; ಇನ್ನೊಂದರಲ್ಲಿ ಪೊಲೀಸರಿಗಾಗಿಯೇ ಸುಳ್ಳು ಹೆಸರು ಇಟ್ಟುಕೊಂಡವನು. ಕೇಳಿ ನೋಡಿದರೆ ಯಾರ ಕೂಗು ಅಸಲಿ ಎಂದು ಕಿವಿಗೆ ತಿಳಿಯುವುದಿಲ್ಲ. ಆಂಡರ್ಸನ್ನನ ಸಾಲುಗಳು ಮೋಸಗಾರನ ಸಾಲುಗಳಂತೆ ಕೇಳಿಸುವುದಿಲ್ಲ, ಅದೇ ಕಷ್ಟ. ಸಂಗೀತವನ್ನು ಸಂಗೀತದಿಂದಲೇ ಅಳೆಯಬೇಕೆನ್ನುವ ರಸಿಕರ ಜೊತೆ ನನ್ನ ಜಗಳ ಇಲ್ಲಿಂದ ಶುರುವಾಗುತ್ತದೆ. ಕಡತ ಓದಿದ ಮೇಲೂ ಆ ಹಾಡು ಮೊದಲಿನ ಹಾಡೇ ಎಂದು ಅವರು ವಾದಿಸಬಹುದು. ಅದೇ ಬ್ಯಾಂಡಿನಲ್ಲಿದ್ದ ಕೊರ್ನೇಲಿಯಾ ಶ್ಲೈಮೆಗೆ ಹಾಗೆ ಹೇಳಲು ನನಗೆ ಧೈರ್ಯವಿಲ್ಲ. ಅವರು 1984ರಲ್ಲಿ ದೇಶ ಬಿಟ್ಟರು, ಅಲ್ಲಿಯವರೆಗೆ ಮಾಡಿದ ಚಿತ್ರಗಳು ಅಲ್ಲೇ ಉಳಿದು ಬಹುಪಾಲು ಕಳೆದುಹೋದವು. ತಮ್ಮ ಕಡತ ತೆರೆದಾಗ ಅದರಲ್ಲಿ ಗೆಳೆಯ ಸಾಶಾನ ವರದಿಗಳಿದ್ದವು. ಆ ಹಾಳೆಗಳ ಮೇಲೆಯೇ, ಬೇಕೆಂತಲೇ ವೇಷ ಹಾಕಿ ತೆಗೆಸಿಕೊಂಡ ತಮ್ಮ ಫೋಟೊಗಳನ್ನು ಅಂಟಿಸಿ, 1993ರಲ್ಲಿ ಒಂದು ಕಲಾಕೃತಿ ಮಾಲಿಕೆ ಮಾಡಿದರು. ಅದರ ಹೆಸರಿನಲ್ಲಿ 7284/85 ಎಂಬ ಸರ್ಕಾರಿ ಸಂಖ್ಯೆಯೂ ಇದೆ, ಮುಂದೆಯೂ ಹೀಗೇ ಸಹಕಾರವಿರಲಿ ಎಂಬ ಕಚೇರಿಯ ಒಕ್ಕಣೆಯೂ ಇದೆ. ವ್ಯಂಗ್ಯವೆಂದರೆ ಹಾಗಿರಬೇಕು.

ಹಾಗೆಂದು ಕಡತವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಕಾವಲಿಗೆ ಕೂತವನು ಮೇಲಿನವರನ್ನು ಮೆಚ್ಚಿಸಲು ಬರೆಯುತ್ತಾನೆ; ನಾಲ್ಕು ಹುಡುಗರು ಕೂಡಿದರೆ ಸಂಚು ಎನ್ನುತ್ತಾನೆ. ಆದರೆ ಯಾವ ದಿನ, ಯಾವ ಚರ್ಚು, ಎಷ್ಟು ಜನ ಎಂಬುದನ್ನು ಸಂಗೀತ ವಿಮರ್ಶಕ ಬರೆಯುವುದಿಲ್ಲ, ಕಾವಲಿನವನು ಬರೆದಿಟ್ಟಿರುತ್ತಾನೆ.

ಕಾವಲಿನವರ ಕಡತದಲ್ಲಿ ಹಾಡು ಹುಡುಕುವ ಈ ದಾರಿ ನಮ್ಮಲ್ಲೂ ಹೊಸದೇನಲ್ಲ. ಬ್ರಿಟಿಷರು ನಿಷೇಧಿಸಿದ ಕರಪತ್ರ, ಹಾಡಿನ ಪುಸ್ತಕಗಳ ಪ್ರತಿಗಳು ಇವತ್ತು ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲೂ ಸಿಗುತ್ತವೆ. ಹಾಡಿದವರ ಮನೆಯಲ್ಲಿ ಅವು ಉಳಿಯಲಿಲ್ಲ, ಮುಟ್ಟುಗೋಲು ಹಾಕಿದವರ ಕಪಾಟಿನಲ್ಲಿ ಉಳಿದವು. ರಾಯಚೂರು 1948ರವರೆಗೆ ನಿಜಾಮನ ಜಿಲ್ಲೆ. ದೇವದುರ್ಗ, ಮಾನ್ವಿ ಕಡೆ ಆಗ ಯಾರು ಏನು ಹಾಡಿದರು, ಯಾವ ಹಾಡಿಗೆ ಪೊಲೀಸ್ ಪಟೇಲ ಕಿವಿ ನಿಮಿರಿಸಿದ ಎಂದು ತಿಳಿಯಬೇಕಾದರೆ ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರದ ಬಾಗಿಲು ತಟ್ಟಬೇಕು. ನಿಜಾಮನ ಕಚೇರಿಯ ಭಾಷೆ ಉರ್ದು, ಅದೂ ಗುಮಾಸ್ತರು ಓಡಿಸಿ ಬರೆದ ಶಿಕಸ್ತಾ ಲಿಪಿ. ನನಗೆ ಉರ್ದು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಮ್ಮೂರಿನ ಹಿರಿಯರೊಬ್ಬರು ಕಲಿಸುತ್ತೇನೆಂದು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ಪಾಠದ ಹೊತ್ತಿಗೆ ಆ ಜರ್ಮನ್ ಪ್ಲೇಟು ಹಚ್ಚಬಾರದು.