ಹಳೇ ಬ್ಯಾಂಡ್ ಮತ್ತೆ ಕೂಡಬೇಕಾದರೆ ಹಳೇ ಜಾಗವೂ ಉಳಿದಿರಬೇಕು

ಬ್ಯಾಂಡ್ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್. ರಾಕ್ ಬ್ಯಾಂಡ್ ಬೇರೆ. ಎರಡು ಮೂರು ಗಿಟಾರ್, ಒಂದು ಡ್ರಮ್ಸ್, ಹಾಡಲು ಒಬ್ಬರು. ನಾಲ್ಕೈದು ಗೆಳೆಯರು ಸೇರಿ ತಾವೇ ಹಾಡು ಕಟ್ಟಿ ಜೋರಾಗಿ ನುಡಿಸುವ ತಂಡ ಅದು. ಹರೆಯದಲ್ಲಿ ಒಟ್ಟಿಗೆ ನುಡಿಸಿ, ಆಮೇಲೆ ಕೆಲಸ, ಸಂಸಾರ ಅಂತ ಚದುರಿದವರು ತಲೆ ನರೆತ ಮೇಲೆ ಮತ್ತೆ ಕೂಡಿ, ತಾವು ಶುರು ಮಾಡಿದ ಹಳೇ ಪಬ್‌ನಲ್ಲೇ ಒಂದು ರಾತ್ರಿ ನುಡಿಸಿದರೆ ಕೇಳುಗರಿಗೆ ಅದೇ ಜಾತ್ರೆ.

ಕುಡಿಯುವ ಜಾಗಕ್ಕೂ ಹಾಡಿಗೂ ಏನು ನಂಟು ಅಂತ ಕೇಳಬಹುದು. ಉತ್ತರ ನಮ್ಮೂರಲ್ಲೇ ಇದೆ. ರಾಮನಗರದಲ್ಲಿ ಹುಟ್ಟಿದ ಜಿ.ಪಿ. ರಾಜರತ್ನಂ ಅವರು ಹೆಂಡ ಕುಡಿಯುವ ರತ್ನನ ಬಾಯಲ್ಲಿ, ಹಳ್ಳಿಯವರ ಮಾತಲ್ಲೇ ಪದ ಕಟ್ಟಿದರು. ಸ್ವತಃ ಅವರು ಕುಡಿಯುತ್ತಿರಲಿಲ್ಲ. ಮುಂದೆ ಮೈಸೂರು ಅನಂತಸ್ವಾಮಿಯವರು ಆ ಪದಗಳನ್ನು ಹಾಡಿ ಮನೆಮನೆಗೆ ಮುಟ್ಟಿಸಿದರು. ದುಡಿದು ದಣಿದವರು ಕೂರುವ ಕಡೆ ಹಾಡು ಹುಟ್ಟುವುದು ಹೊಸದಲ್ಲ.

ಇಂಗ್ಲೆಂಡಿನಲ್ಲಿ ಆದದ್ದೂ ಅದೇ. ಲಂಡನ್ ಪಕ್ಕದ ರಿಚ್‌ಮಂಡ್‌ನಲ್ಲಿ, ರೈಲು ನಿಲ್ದಾಣದ ಎದುರು ಸ್ಟೇಷನ್ ಹೋಟೆಲ್ ಅಂತ ಒಂದು ಪಬ್ ಇತ್ತು. 1963ರಲ್ಲಿ ಅದರ ಹಿಂದಿನ ಕೋಣೆಯಲ್ಲಿ ಭಾನುವಾರಗಳಂದು ಕೆಲವು ಹುಡುಗರು ನುಡಿಸುತ್ತಿದ್ದರು. ಅವರೇ ರೋಲಿಂಗ್ ಸ್ಟೋನ್ಸ್. ನಲವತ್ತು ವರ್ಷದ ನಂತರ, 2003ರ ಏಪ್ರಿಲ್‌ನಲ್ಲಿ, ಅದೇ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಅಷ್ಟು ದೊಡ್ಡ ಮೈದಾನದವರೆಗೆ ಬಂದ ದಾರಿ ಶುರುವಾದದ್ದು ಪಬ್‌ನ ಒಂದು ಚಿಕ್ಕ ಕೋಣೆಯಲ್ಲಿ.

ಆ ಚಿಕ್ಕ ಕೋಣೆಯನ್ನೇ ಕೆಡವಿದರೆ? ಲಿವರ್‌ಪೂಲ್ ನಗರದಲ್ಲಿ ಹಾಗೇ ಆಯಿತು. ಬೀಟಲ್ಸ್ ತಂಡ 1961ರಿಂದ 1963ರವರೆಗೆ ಸುಮಾರು ಮುನ್ನೂರು ಸಲ ನುಡಿಸಿದ್ದು ಕ್ಯಾವರ್ನ್ ಎಂಬ ನೆಲಮಾಳಿಗೆಯ ಕ್ಲಬ್ಬಿನಲ್ಲಿ. 1973ರಲ್ಲಿ ರೈಲ್ವೆ ಕಾಮಗಾರಿಯ ಹೆಸರಲ್ಲಿ ಅದನ್ನು ಮುಚ್ಚಿ ಕೆಡವಿದರು. ಆಮೇಲೆ ಊರಿಗೆ ಅರಿವಾಯಿತು. ಹಳೇ ಇಟ್ಟಿಗೆಗಳನ್ನೇ ಬಳಸಿ 1984ರಲ್ಲಿ ಮತ್ತೆ ಕಟ್ಟಿದರು. 1999ರ ಡಿಸೆಂಬರ್‌ನಲ್ಲಿ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಅಲ್ಲಿಗೆ ಬಂದು ಹಾಡಿದರು. ಆ ಹೊತ್ತಿಗೆ ಜಾನ್ ಲೆನನ್ ತೀರಿಕೊಂಡು 19 ವರ್ಷವಾಗಿತ್ತು. ತಂಡ ಪೂರ್ತಿ ಕೂಡುವುದು ಸಾಧ್ಯವೇ ಇರಲಿಲ್ಲ. ಇಟ್ಟಿಗೆ ಮತ್ತೆ ಜೋಡಿಸಬಹುದು, ಮನುಷ್ಯರನ್ನು ಆಗದು.

ಈಗ ಬೆಂಗಳೂರಿಗೆ ಬರೋಣ. ಎಂಬತ್ತರ ದಶಕದ ಕೊನೆಯಲ್ಲಿ ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್ ಸುತ್ತ ಪಬ್‌ಗಳು ಹುಟ್ಟಿಕೊಂಡವು. ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಶುರುವಾದದ್ದು 1989ರಲ್ಲಿ. ಗೋಡೆ ತುಂಬ ರಾಕ್ ಹಾಡುಗಾರರ ಚಿತ್ರ, ಕಿವಿ ತುಂಬ ಅವರದೇ ಹಾಡು. ಇಂಟರ್ನೆಟ್ ಇಲ್ಲದ ಕಾಲದಲ್ಲಿ ಹೊರದೇಶದ ಹಾಡು ಹೀಗೆ ಪಬ್‌ನಲ್ಲಿ ಕೂತು ಕೇಳಿಯೇ ಕಿವಿಗೆ ಬೀಳಬೇಕಿತ್ತು. 1996ರಲ್ಲಿ ಕ್ರೈಸ್ಟ್ ಕಾಲೇಜಿನ ಹುಡುಗರು ಥರ್ಮಲ್ ಅಂಡ್ ಎ ಕ್ವಾರ್ಟರ್ ಎಂಬ ತಂಡ ಕಟ್ಟಿದರು. ಮೂವರು ಮಲಯಾಳಿಗಳು, ಇನ್ನೊಬ್ಬ ಕಾಲು ಮಲಯಾಳಿ ಅನ್ನುವ ತಮಾಷೆಯೇ ಆ ಹೆಸರು. ಕನ್ನಡವೂ ಹಿಂದೆ ಬೀಳಲಿಲ್ಲ. ಶಿಶುನಾಳ ಶರೀಫರ ಪದಗಳನ್ನು ಗಿಟಾರ್ ಜೊತೆ ಹಾಡಿದ ರಘು ದೀಕ್ಷಿತ್ 2010ರಲ್ಲಿ ಬಿಬಿಸಿ ಟಿವಿಯಲ್ಲೇ ಕಾಣಿಸಿಕೊಂಡರು. ನಮ್ಮ ತತ್ವಪದ ಲಂಡನ್ ಮುಟ್ಟಿತು.

ಆದರೆ ನುಡಿಸುವ ಜಾಗ ಕಿರಿದಾಗುತ್ತಾ ಬಂತು. 2005ರಲ್ಲಿ ಬೆಂಗಳೂರಿನ ಮನರಂಜನಾ ಸ್ಥಳಗಳಿಗೆ ಪೊಲೀಸ್ ಪರವಾನಗಿ ಬೇಕೆಂಬ ಆದೇಶ ಬಂತು. ಲೈವ್ ಬ್ಯಾಂಡ್, ಡಿಸ್ಕೋ, ಕ್ಯಾಬರೆ ಮೂರೂ ಒಂದೇ ಪಟ್ಟಿಯಲ್ಲಿ. ಗಿಟಾರ್ ನುಡಿಸುವವರೂ ಅದೇ ಲೆಕ್ಕಕ್ಕೆ ಸೇರಿದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಪೊಲೀಸರು ಬಿಗಿ ಮಾಡಿದರು. ಪರವಾನಗಿಗೆ ಬೇಕಾದ ಕಟ್ಟಡದ ಕಾಗದಪತ್ರ ಅನೇಕರ ಬಳಿ ಇರಲಿಲ್ಲ. ಎಷ್ಟೋ ಪಬ್‌ಗಳಲ್ಲಿ ವಾದ್ಯ ನಿಂತುಹೋಯಿತು. ಅಕ್ಕಪಕ್ಕದ ಮನೆಯವರ ನಿದ್ದೆಯೂ ಮುಖ್ಯ, ಅವರ ದೂರೂ ನ್ಯಾಯವೇ. ಆದರೆ ಗದ್ದಲ ತಡೆಯುವುದು ಬೇರೆ, ಹಾಡು ನಿಲ್ಲಿಸುವುದು ಬೇರೆ.

ಇದನ್ನೆಲ್ಲ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಓದುಗರಿಗೆ ಯಾಕೆ ಹೇಳುತ್ತಿದ್ದೇವೆ ಅಂದರೆ, ನಮ್ಮಲ್ಲೂ ಬ್ಯಾಂಡ್‌ಗಳಿದ್ದವು. ಹೆಸರು ಬೇರೆ ಅಷ್ಟೆ. ರಾತ್ರಿ ಭಜನೆ ಮಾಡುತ್ತಿದ್ದ ತಂಡ, ಕೋಲಾಟದ ಗುಂಪು, ಹಬ್ಬದಲ್ಲಿ ತಮಟೆ ಬಡಿಯುತ್ತಿದ್ದವರು, ಪೂಜಾ ಕುಣಿತದವರು. ಅವರಿಗೂ ಒಂದು ಜಾಗ ಬೇಕಿತ್ತು. ಅರಳಿಕಟ್ಟೆ, ಭಜನೆ ಮನೆ, ಗುಡಿ ಮುಂದಿನ ಬಯಲು. ಕಟ್ಟೆ ಒಡೆದು ರಸ್ತೆ ಅಗಲವಾದರೆ, ಭಜನೆ ಮನೆಗೆ ಬೀಗ ಬಿದ್ದರೆ, ಹಬ್ಬಕ್ಕೆ ಡಿಜೆ ಬಂದರೆ, ತಂಡವನ್ನು ಯಾರೂ ಒಡೆಯಬೇಕಾಗಿಲ್ಲ. ತಾನೇ ಚದುರುತ್ತದೆ.

ಇದನ್ನು ಮೊದಲೇ ಕಂಡವರು ಎಚ್.ಎಲ್. ನಾಗೇಗೌಡರು. ಐಎಎಸ್ ಅಧಿಕಾರಿಯಾಗಿದ್ದ ಅವರು ನಿವೃತ್ತಿಯ ನಂತರ ರಾಮನಗರದ ಬಳಿ, ಮೈಸೂರು ರಸ್ತೆ ಬದಿಯಲ್ಲೇ, 15 ಎಕರೆಯಲ್ಲಿ ಜಾನಪದ ಲೋಕ ಕಟ್ಟಿದರು. 1994ರಲ್ಲಿ ಅದು ಬಾಗಿಲು ತೆರೆಯಿತು. ಅಲ್ಲಿ ವಸ್ತುಗಳನ್ನು ಜೋಡಿಸಿಟ್ಟಿದ್ದಷ್ಟೇ ಅಲ್ಲ, ಕಲಾವಿದರು ಕುಣಿಯಲು, ಹಾಡಲು ಬಯಲು ರಂಗಮಂದಿರವೂ ಇದೆ. ಆದರೆ ನಾಲ್ಕು ತಾಲ್ಲೂಕಿಗೆ ಒಂದು ಜಾನಪದ ಲೋಕ ಸಾಲದು. ಊರಿಗೊಂದು ಕಟ್ಟೆ ಬೇಕು.

ನಿಮ್ಮೂರಿನ ಹಳೇ ಭಜನೆ ತಂಡದಲ್ಲಿ ಯಾರ್‍ಯಾರು ಇದ್ದಾರೆ, ಹಾರ್ಮೋನಿಯಂ ಯಾರ ಮನೆ ಅಟ್ಟದ ಮೇಲಿದೆ, ಭಜನೆ ಮನೆಯ ಬೀಗದ ಕೈ ಯಾರ ಹತ್ತಿರ ಇದೆ? ಹಿರಿಯರು ಇರುವಾಗಲೇ ಒಮ್ಮೆ ವಿಚಾರಿಸಿ. ಒಂದು ಶನಿವಾರ ಸಂಜೆ ಬಾಗಿಲು ತೆಗೆಸಿ ಕೂರಿಸಿದರೆ ಸಾಕು, ಪದ ಅವರಿಗೆ ನೆನಪಿರುತ್ತದೆ. ಹಾಗೆ ಕೂಡಿದಾಗ ನಮಗೂ ಒಂದು ಮಾತು ತಿಳಿಸಿ. ಬರುತ್ತೇವೆ.